ಪಾರ್ಶ್ವವಾಯುವಿನ ನಿದಾನವೂ ರಕ್ತದ ಸಾಕ್ಷ್ಯವೂ

ಜನರು ಒಂದು ರೋಗಕ್ಕೆ ಇಟ್ಟ ಹೆಸರಿನಲ್ಲಿ ಆ ರೋಗದ ವಿಷಯವಾಗಿ ಅವರಿಗಿದ್ದ ತಿಳಿವಳಿಕೆಯೂ ಭಯವೂ ಅಡಗಿರುತ್ತವೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವನು ಇದ್ದಕ್ಕಿದ್ದಂತೆ ಕುಸಿದು, ಒಂದು ಮಗ್ಗುಲಿನ ಕೈಕಾಲು ಸ್ವಾಧೀನ ತಪ್ಪಿ, ಬಾಯಿ ಓರೆಯಾಗಿ, ಮಾತು ತೊದಲುವ ವ್ಯಾಧಿಗೆ ಕನ್ನಡದಲ್ಲಿ ಪಾರ್ಶ್ವವಾಯುವೆಂದೂ ಅರ್ಧಾಂಗವಾಯುವೆಂದೂ ಹೆಸರು. ಲಕ್ವವೆಂಬ ಮಾತು ಅರಬ್ಬೀ ಭಾಷೆಯಿಂದ ಬಂದುದು. ಅಲ್ಲಿ ಅದು ಮುಖವು ಓರೆಯಾಗುವುದಕ್ಕೆ ಸಲ್ಲುತ್ತದೆ. ಗ್ರೀಕರು ಇದನ್ನು ಅಪೊಪ್ಲೆಕ್ಸಿಯ ಎಂದರು. ಹೊಡೆತದಿಂದ ಕೆಳಗುರುಳಿದ ಸ್ಥಿತಿಯೆಂದು ಅದರ ಅರ್ಥ. ಇಂಗ್ಲಿಷರ ಸ್ಟ್ರೋಕ್ ಎಂಬುದಕ್ಕೂ ಪೆಟ್ಟೆಂದೇ ಅರ್ಥ. ಈ ಹೆಸರುಗಳಲ್ಲಿ ಕೆಲವು ಪೆಟ್ಟು ಬಿದ್ದುದನ್ನು ಹೇಳುತ್ತವೆ, ಕೆಲವು ಬಿದ್ದ ಸ್ಥಳವನ್ನು ಹೇಳುತ್ತವೆ. ಹೊಡೆದವನು ಯಾರೆಂಬುದನ್ನು ಹೇಳಹೊರಟಿರುವುದು ‘ವಾಯು’ವೆಂಬ ಶಬ್ದವೊಂದೇ. ಆ ಪ್ರಶ್ನೆಗೆ ರೋಗಿಯ ರಕ್ತದಿಂದಲೇ ಉತ್ತರವನ್ನು ಪಡೆಯುವ ಪ್ರಯತ್ನಕ್ಕೆ ಈಗ ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಅದರಲ್ಲಿ ಜಯವೂ ಇದೆ, ಭ್ರಮೆಯೂ ಇದೆ. ಒಂದೆಡೆಯಲ್ಲಿ ಭ್ರಮೆಯೇ ಜಯಕ್ಕೆ ದಾರಿ ತೋರಿಸಿದ ವಿಚಿತ್ರವೂ ಇದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೮ನೆಯ ಅಧ್ಯಾಯವೂ ಸುಶ್ರುತಸಂಹಿತೆಯ ನಿದಾನಸ್ಥಾನದ ಮೊದಲನೆಯ ಅಧ್ಯಾಯವೂ ವಾತವ್ಯಾಧಿಗಳಿಗೆ ಮೀಸಲಾಗಿವೆ. ಧಾತುಗಳು ಕ್ಷಯಿಸುವುದು, ಮಾರ್ಗಕ್ಕೆ ಆವರಣ ಬರುವುದು ಎಂಬ ಎರಡು ಬಗೆಯಿಂದ ವಾಯುವು ಕೆರಳುವುದೆಂದು ಚರಕದ ಮತ. ಸುಶ್ರುತವು ಪಕ್ಷಾಘಾತವನ್ನು ವರ್ಣಿಸಿ, ಶುದ್ಧವಾತದಿಂದ ಬಂದುದು ಬಹು ಕಷ್ಟಸಾಧ್ಯವೆಂದೂ, ಬೇರೆ ದೋಷದ ಸಂಸರ್ಗವುಳ್ಳದ್ದು ಸಾಧ್ಯವೆಂದೂ, ಕ್ಷಯದಿಂದ ಬಂದುದು ಅಸಾಧ್ಯವೆಂದೂ ವಿಂಗಡಿಸುತ್ತದೆ. ಮಾರ್ಗಾವರಣವೆಂಬ ಮಾತನ್ನು ಕಂಡೊಡನೆ, ಈಗಿನವರು ಹೇಳುವ ರಕ್ತನಾಳದ ಅಡಚಣೆಯನ್ನೇ ಪೂರ್ವಿಕರು ಕಂಡಿದ್ದರೆಂದು ಹಿಗ್ಗುವುದು ಅವಸರದ ಮಾತಾದೀತು. ಅವರ ಶರೀರಕಲ್ಪನೆ ಬೇರೆ, ಈಗಿನದು ಬೇರೆ. ಆದರೆ ಒಂದು ವಿಚಾರವನ್ನು ಅವರು ಸ್ಪಷ್ಟವಾಗಿ ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಹೊರಗೆ ಕಾಣುವ ರೂಪವು ಒಂದೇ ಆದರೂ ಒಳಗಿನ ಕಾರಣವು ಹಲವು ಇರಬಹುದು. ರೋಗಿಯ ಮುಂದಿನ ಗತಿಯು ರೂಪವನ್ನಲ್ಲ, ಕಾರಣವನ್ನು ಅನುಸರಿಸುತ್ತದೆ. ರೋಗವನ್ನರಿಯುವ ಐದು ಸಾಧನಗಳಲ್ಲಿ ಅವರು ಉಪಶಯವನ್ನೂ ಸೇರಿಸಿದ್ದರು. ಯಾವ ಔಷಧದಿಂದ, ಯಾವ ಆಹಾರವಿಹಾರದಿಂದ ರೋಗವು ತಗ್ಗುವುದೋ ಅದರಿಂದ ರೋಗದ ಸ್ವರೂಪವನ್ನು ಊಹಿಸುವುದೇ ಉಪಶಯ. ಈ ಮಾತು ಮುಂದೆ ಪ್ರಯೋಜನಕ್ಕೆ ಬರುವುದು.

ಐರೋಪ್ಯ ವೈದ್ಯರಿಗೆ ಈ ರೋಗದ ಕಾರಣವು ಮೊದಲು ಗೋಚರಿಸಿದುದು ಶವಗಳಲ್ಲಿ. ವಿಲಿಯಂ ಹಾರ್ವೆಯು ರಕ್ತವು ದೇಹದಲ್ಲಿ ಪರಿಚಲಿಸುವುದೆಂಬುದನ್ನು ೧೬೨೮ರಲ್ಲಿ ಪ್ರಕಟಿಸಿದನು. ಅದಾದ ಮೂವತ್ತು ವರ್ಷಗಳಿಗೆ, ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಪಟ್ಟಣದ ವೈದ್ಯನಾದ ಯೋಹಾನ್ ಯಾಕೋಬ್ ವೆಪ್ಫರನು ಈ ಪೆಟ್ಟಿನಿಂದ ಸತ್ತವರ ತಲೆಯೊಳಗನ್ನು ಪರೀಕ್ಷಿಸಿ ೧೬೫೮ರಲ್ಲಿ ಒಂದು ಗ್ರಂಥವನ್ನು ಬರೆದನು. ಮಿದುಳಿನೊಳಗೆ ನಾಳವೊಡೆದು ರಕ್ತವು ಚೆಲ್ಲಿದ್ದುದನ್ನು ಅವನು ಕಂಡನು. ಮಿದುಳಿಗೆ ರಕ್ತವನ್ನೊಯ್ಯುವ ಧಮನಿಗಳು ಕಟ್ಟಿಕೊಂಡರೂ ಇಂತಹುದೇ ವಿಪತ್ತು ಒದಗಬಹುದೆಂದು ಊಹಿಸಿದನು. ಚೆಲ್ಲುವುದು, ಕಟ್ಟುವುದು ಎಂಬ ಎರಡು ಕಾರಣಗಳೂ ಹೀಗೆ ಒಂದೇ ಗ್ರಂಥದಲ್ಲಿ ತಲೆದೋರಿದುವು. ಇಟಲಿಯ ಪಾದುವಾ ನಗರದ ಮೊರ್ಗಾನ್ಯಿಯು ೧೭೬೧ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ, ಬದುಕಿದ್ದಾಗ ಕಂಡ ಲಕ್ಷಣವನ್ನೂ ಸತ್ತಮೇಲೆ ಕಂಡ ವಿಕಾರವನ್ನೂ ಜೊತೆಜೊತೆಯಾಗಿ ಇಟ್ಟು ತೋರಿಸಿದನು. ಆಮೇಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋವನು ಕಟ್ಟಿಕೊಳ್ಳುವುದರಲ್ಲಿಯೂ ಎರಡು ಬಗೆಯುಂಟೆಂದು ಸಿದ್ಧಪಡಿಸಿದನು. ನಾಳದಲ್ಲಿ ಇದ್ದಲ್ಲಿಯೇ ರಕ್ತವು ಹೆಪ್ಪುಗಟ್ಟುವುದಕ್ಕೆ ಥ್ರಾಂಬೋಸಿಸ್ ಎಂದೂ, ಬೇರೆಡೆಯಲ್ಲಿ ಹುಟ್ಟಿದ ಹೆಪ್ಪಿನ ತುಣುಕು ಪ್ರವಾಹದಲ್ಲಿ ತೇಲಿಬಂದು ಸಿಕ್ಕಿಕೊಳ್ಳುವುದಕ್ಕೆ ಎಂಬಾಲಿಸಂ ಎಂದೂ ಅವನು ಹೆಸರಿಟ್ಟನು. ಈ ಜ್ಞಾನವೆಲ್ಲವೂ ಗಟ್ಟಿಯಾದುದೇ ಸರಿ. ಆದರೆ ರೋಗಿಯು ಸತ್ತಲ್ಲದೆ ಅದು ದೊರೆಯುತ್ತಿರಲಿಲ್ಲ. ಸತ್ತವನಿಗೆ ಅದರಿಂದ ಪ್ರಯೋಜನವೂ ಇರಲಿಲ್ಲ.

ಬದುಕಿರುವವನ ರಕ್ತವೇ ಕಾರಣವನ್ನು ನುಡಿದ ಮೊದಲ ಪ್ರಸಂಗಗಳಲ್ಲಿ ಒಂದು ಸಿಫಿಲಿಸ್ ರೋಗಕ್ಕೆ ಸಂಬಂಧಿಸಿದುದು. ಭಾವಪ್ರಕಾಶದಲ್ಲಿ ಫಿರಂಗರೋಗವೆಂದು ಹೇಳಿರುವುದು ಇದನ್ನೇ. ಈ ರೋಗವು ಮಿದುಳಿನ ಧಮನಿಗಳ ಗೋಡೆಯನ್ನು ಕೆಡಿಸುವ ಬಗೆಯನ್ನು ಜರ್ಮನ್ ವೈದ್ಯನಾದ ಒಟ್ಟೊ ಹಾಯ್ಬ್ನರನು ೧೮೭೪ರಲ್ಲಿ ವಿವರಿಸಿದನು. ಮುಪ್ಪು ಬರುವ ಮುನ್ನವೇ ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದ ಕೆಲವರ ಕಾರಣವು ಹೀಗೆ ತಿಳಿದುಬಂದಿತು. ೧೯೦೫ರಲ್ಲಿ ಆ ರೋಗದ ಕ್ರಿಮಿಯು ಪತ್ತೆಯಾಯಿತು. ಮರುವರ್ಷವೇ, ಎಂದರೆ ೧೯೦೬ರಲ್ಲಿ, ಆಗುಸ್ಟ್ ಫಾನ್ ವಾಸರ್‌ಮನ್ನನೂ ಅವನ ಸಂಗಡಿಗರೂ ರಕ್ತದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕೈಕಾಲು ಬಿದ್ದುಹೋದ ನಡುವಯಸ್ಸಿನವನ ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆದು, ಅವನ ಮಿದುಳಿಗೆ ಬಿದ್ದ ಪೆಟ್ಟಿಗೆ ಈ ರೋಗವು ಕಾರಣವಾಗಿರಬಹುದೇ ಇಲ್ಲವೇ ಎಂದು ಕೇಳುವುದು ಅಂದಿನಿಂದ ಸಾಧ್ಯವಾಯಿತು.

ಇಲ್ಲಿ ತರ್ಕಶಾಸ್ತ್ರದ ಒಂದು ಮಾತನ್ನು ನೆನೆಯಬೇಕು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಾಗ ಹೊಗೆಯು ಲಿಂಗ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿಯೆಂಬ ನಿಯತವಾದ ಸಂಬಂಧವು ವ್ಯಾಪ್ತಿ. ಆ ವ್ಯಾಪ್ತಿಯು ಎಲ್ಲಿಯಾದರೂ ತಪ್ಪಿದರೆ ಅದು ವ್ಯಭಿಚಾರ, ಅಂತಹ ಹೇತುವು ದುಷ್ಟಹೇತು. ಮುಂಜಾವದ ಮಂಜನ್ನು ಹೊಗೆಯೆಂದು ಬಗೆದು ನೀರಿನ ಕೊಡವನ್ನು ಹೊತ್ತು ಓಡಿದವನ ಪಾಡು ಎಲ್ಲರಿಗೂ ತಿಳಿದುದೇ. ಇಂದಿನ ವೈದ್ಯರು ಬಯೋಮಾರ್ಕರ್ ಎಂದು ಕರೆಯುವ ರಕ್ತದ ಸೂಚಕದ್ರವ್ಯವು ಈ ಹೊಗೆಯ ಜಾತಿಗೆ ಸೇರಿದುದು. ಅದರ ಚರಿತ್ರೆಯೆಂದರೆ ವ್ಯಾಪ್ತಿಯನ್ನು ಪರೀಕ್ಷಿಸಿದ ಚರಿತ್ರೆಯೇ.

ವಾಸರ್‌ಮನ್ನನ ಪರೀಕ್ಷೆಯಲ್ಲಿ ವ್ಯಾಪ್ತಿಯು ತಪ್ಪಿತು. ಮೊದಮೊದಲು ರೋಗಗ್ರಸ್ತವಾದ ಶಿಶುಗಳ ಪಿತ್ತಜನಕಾಂಗದ ಸಾರವನ್ನು ಆ ಪರೀಕ್ಷೆಗೆ ಬಳಸುತ್ತಿದ್ದರು. ಅದರಲ್ಲಿ ಕ್ರಿಮಿಯ ಅಂಶವಿರುವುದರಿಂದಲೇ ಪರೀಕ್ಷೆಯು ಫಲಿಸುವುದೆಂದು ನಂಬಿದ್ದರು. ಸ್ವಲ್ಪ ಕಾಲದಲ್ಲಿಯೇ, ಕ್ರಿಮಿಯ ಸೋಂಕೇ ಇಲ್ಲದ ಎತ್ತಿನ ಹೃದಯದ ಸಾರದಿಂದಲೂ ಅದೇ ಫಲವು ಬರುವುದು ಕಂಡಿತು. ಆ ಸಾರದಲ್ಲಿ ಕೆಲಸ ಮಾಡುತ್ತಿದ್ದ ಮೇದೋದ್ರವ್ಯವನ್ನು ಮೇರಿ ಪ್ಯಾಂಗ್‌ಬಾರ್ನ್ ಎಂಬ ಅಮೆರಿಕದ ವಿದುಷಿಯು ೧೯೪೧ರಲ್ಲಿ ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಕರೆದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಜನರಿಗೆ ಈ ಪರೀಕ್ಷೆಯಾದಾಗ, ಸಿಫಿಲಿಸ್ಸಿನ ಗಂಧವೂ ಇಲ್ಲದವರಲ್ಲಿಯೂ ಅದು ಉಂಟೆಂದು ಹೇಳುತ್ತಿತ್ತು. ಶೀಲವಂತರಾದ ಗೃಹಸ್ಥರಿಗೂ ಗೃಹಿಣಿಯರಿಗೂ ಇದರಿಂದ ಒದಗಿರಬಹುದಾದ ಅಪಮಾನವನ್ನು ವಾಚಕರು ಊಹಿಸಿಕೊಳ್ಳಬಹುದು.

ಈ ಸುಳ್ಳು ಸಾಕ್ಷಿಯನ್ನು ತಳ್ಳಿಹಾಕದೆ, ಅದು ಏಕೆ ಸುಳ್ಳು ಹೇಳುತ್ತದೆಂದು ಕೆಲವರು ವಿಚಾರಿಸಿದರು. ಹೀಗೆ ಬಹುಕಾಲ ತಪ್ಪುಫಲ ತೋರುವವರಲ್ಲಿ ಹಲವರಿಗೆ ಲೂಪಸ್ ಎಂಬ ಬೇರೊಂದು ರೋಗವಿರುವುದು ಬಯಲಾಯಿತು. ಅಂತಹ ಕೆಲವರ ರಕ್ತವು ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟಲು ತಡಮಾಡುವುದನ್ನು ಕಾನ್ಲಿ, ಹಾರ್ಟ್‌ಮನ್ ಎಂಬ ಇಬ್ಬರು ಅಮೆರಿಕದ ವೈದ್ಯರು ೧೯೫೨ರಲ್ಲಿ ವರದಿಮಾಡಿದರು. ನಳಿಗೆಯಲ್ಲಿ ಹೆಪ್ಪುಗಟ್ಟದ ಆ ರಕ್ತವೇ ದೇಹದ ನಾಳಗಳಲ್ಲಿ ಬೇಗನೆ ಹೆಪ್ಪುಗಟ್ಟುವುದೆಂಬುದು ಆಮೇಲೆ ತಿಳಿದ ಸೋಜಿಗ. ೧೯೮೩ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಅವರ ಸಹೋದ್ಯೋಗಿಗಳು ಈ ಎಳೆಗಳನ್ನೆಲ್ಲ ಒಟ್ಟಿಗೆ ಹೊಸೆದರು. ಕಾರ್ಡಿಯೋಲಿಪಿನ್ನಿನಂತಹ ದ್ರವ್ಯಗಳಿಗೆ ಪ್ರತಿಯಾಗಿ ದೇಹವೇ ಹುಟ್ಟಿಸಿಕೊಂಡ ಪ್ರತಿಕಾಯಗಳು ರಕ್ತದಲ್ಲಿದ್ದರೆ ನಾಳಗಳಲ್ಲಿ ಹೆಪ್ಪು, ಮೇಲಿಂದಮೇಲೆ ಗರ್ಭಪಾತ, ಎಳೆಯ ವಯಸ್ಸಿನಲ್ಲಿಯೇ ಪಾರ್ಶ್ವವಾಯು ಇವು ಬರಬಹುದೆಂದು ತೋರಿಸಿದರು. ಕಳಂಕವನ್ನು ಹೊರಿಸಿದ ಪರೀಕ್ಷೆಯ ತಪ್ಪಿನಿಂದಲೇ ಪಾರ್ಶ್ವವಾಯುವಿನ ಹೊಸದೊಂದು ಕಾರಣವು ಹೊರಬಿದ್ದಿತು. ಇದರಿಂದ ಚಿಕಿತ್ಸೆಯೂ ಬದಲಾಯಿತು. ಈ ಪ್ರತಿಕಾಯಗಳು ಮೂರು ಪರೀಕ್ಷೆಗಳಲ್ಲಿಯೂ ಕಂಡುಬಂದವರಿಗೆ ಹಳೆಯ ವಾರ್ಫರಿನ್ ಔಷಧಕ್ಕಿಂತ ಹೊಸದಾದ ರಿವರಾಕ್ಸಬಾನ್ ಹೆಚ್ಚು ಅಪಾಯಕರವೆಂದು ೨೦೧೮ರಲ್ಲಿ ಪ್ರಕಟವಾದ ಇಟಲಿಯ ಪರೀಕ್ಷಣವೊಂದು ತೋರಿಸಿತು. ರಕ್ತವು ಕಾರಣವನ್ನು ಹೇಳಿತು. ಕಾರಣವು ಔಷಧವನ್ನು ನಿಶ್ಚಯಿಸಿತು.

ಆದರೆ ಹೆಚ್ಚಿನ ರೋಗಿಗಳ ಪ್ರಶ್ನೆಯು ಇದಕ್ಕಿಂತ ಮೊದಲಿನದು. ಚೆಲ್ಲಿತೋ, ಕಟ್ಟಿತೋ ಎಂಬ ವೆಪ್ಫರನ ಪ್ರಶ್ನೆಯೇ ಅದು. ೨೦೧೯ನೆಯ ವರ್ಷದ ಜಾಗತಿಕ ಲೆಕ್ಕದಂತೆ ನೂರು ಪಾರ್ಶ್ವವಾಯುಗಳಲ್ಲಿ ಸುಮಾರು ೬೨ ನಾಳವು ಕಟ್ಟಿದವು, ಸುಮಾರು ೨೮ ಮಿದುಳಿನೊಳಗೆ ರಕ್ತವು ಚೆಲ್ಲಿದವು, ಉಳಿದ ಸುಮಾರು ೧೦ ಮಿದುಳಿನ ಹೊದಿಕೆಯ ಕೆಳಗೆ ಚೆಲ್ಲಿದವು. ಹೊರಗಿನ ರೂಪದಿಂದ ಇವನ್ನು ನಿಶ್ಚಯವಾಗಿ ಬೇರ್ಪಡಿಸಲು ನುರಿತ ವೈದ್ಯನಿಗೂ ಆಗದು. ೧೯೭೧ನೆಯ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ಗಾಡ್‌ಫ್ರೇ ಹೌನ್ಸ್‌ಫೀಲ್ಡನು ರಚಿಸಿದ ಯಂತ್ರದಿಂದ ಬದುಕಿದ್ದ ರೋಗಿಯೊಬ್ಬರ ಮಿದುಳಿನ ಒಳಚಿತ್ರವನ್ನು ಮೊದಲ ಸಲ ತೆಗೆದರು. ಶವಪರೀಕ್ಷೆಯಲ್ಲಿ ಮಾತ್ರ ಕಾಣುತ್ತಿದ್ದ ರಕ್ತಸ್ರಾವವು ಸಿ.ಟಿ. ಸ್ಕ್ಯಾನ್ ಎಂಬ ಈ ಸಾಧನದಿಂದ ಪ್ರತ್ಯಕ್ಷವಾಯಿತು.

ಪ್ರತ್ಯಕ್ಷಪ್ರಮಾಣವೇ ದೊರೆತಮೇಲೆ ರಕ್ತದ ಅನುಮಾನವು ಏತಕ್ಕೆಂದು ಕೇಳಬಹುದು. ಉತ್ತರವಿರುವುದು ಕಾಲದಲ್ಲಿ. ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಎಂಬ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಹಲವರು ಅಂಗವೈಕಲ್ಯದಿಂದ ಪಾರಾಗುವರೆಂದು, ೬೨೪ ರೋಗಿಗಳನ್ನೊಳಗೊಂಡ ಅಮೆರಿಕದ ಪರೀಕ್ಷಣವೊಂದು ೧೯೯೫ರಲ್ಲಿ ಸ್ಥಾಪಿಸಿತು. ೨೦೦೮ರ ಐರೋಪ್ಯ ಪರೀಕ್ಷಣದಿಂದ ಈ ಅವಧಿಯು ನಾಲ್ಕೂವರೆ ಗಂಟೆಗಳಿಗೆ ಬೆಳೆಯಿತು. ಕಟ್ಟಿದ ನಾಳಕ್ಕೆ ಅಮೃತವಾದ ಈ ಔಷಧವು ಒಡೆದ ನಾಳಕ್ಕೆ ವಿಷ. ರಕ್ತದೊತ್ತಡದ ವಿಷಯವೂ ಹಾಗೆಯೇ. ಚೀನಾದೇಶದಲ್ಲಿ ಸುಮಾರು ೨೪೦೦ ರೋಗಿಗಳಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷಣದಲ್ಲಿ, ಆಂಬುಲೆನ್ಸಿನಲ್ಲಿಯೇ ಒತ್ತಡವನ್ನು ಇಳಿಸುವ ಔಷಧವನ್ನು ಕೊಟ್ಟು ನೋಡಿದರು. ಒಟ್ಟು ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂಬಂತೆ ಕಂಡಿತು. ಬಿಡಿಸಿ ನೋಡಿದರೆ ರಕ್ತವು ಚೆಲ್ಲಿದವರಿಗೆ ಹಿತವಾಗಿತ್ತು, ನಾಳವು ಕಟ್ಟಿದವರಿಗೆ ಅಹಿತವಾಗಿತ್ತು. ಎರಡೂ ಕೂಡಿ ಒಂದನ್ನೊಂದು ಮುಚ್ಚಿಬಿಟ್ಟಿದ್ದುವು. ಸ್ಕ್ಯಾನ್ ಯಂತ್ರವಿಲ್ಲದ ಊರಿನಲ್ಲಿಯೂ ದಾರಿಯ ನಡುವಿನಲ್ಲಿಯೂ ಒಂದು ಹನಿ ರಕ್ತವು ಈ ಭೇದವನ್ನು ಹೇಳಬಲ್ಲುದಾದರೆ ಅದರ ಬೆಲೆಯೆಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಂತಹ ಸಾಕ್ಷಿಯಾಗಿ ಮುಂದೆ ಬಂದಿರುವುದು ಜಿ.ಎಫ್.ಎ.ಪಿ. ಎಂಬ ಸಂಕ್ಷೇಪನಾಮದ ಪ್ರೋಟೀನು. ಮಿದುಳಿನಲ್ಲಿ ನಕ್ಷತ್ರದ ಆಕಾರದ ಪೋಷಕಕೋಶಗಳಿವೆ; ಈ ಪ್ರೋಟೀನು ಅವುಗಳ ಒಳಗಿನ ಹಂದರ. ಅಮೆರಿಕದ ಲಾರೆನ್ಸ್ ಎಂಗ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದ ವಿವರವು ೧೯೭೧ರಲ್ಲಿ ಪ್ರಕಟವಾಯಿತು. ನಾಳವೊಡೆದು ರಕ್ತವು ನುಗ್ಗಿದಾಗ ಆ ಕೋಶಗಳು ತಟ್ಟನೆ ಸಿಡಿದು ಹಂದರದ ಚೂರುಗಳು ರಕ್ತಕ್ಕೆ ಬೇಗನೆ ಸೇರುತ್ತವೆ. ನಾಳವು ಕಟ್ಟಿದಾಗಲಾದರೋ ಕೋಶಗಳು ಅನ್ನವಿಲ್ಲದವರಂತೆ ಮೆಲ್ಲಮೆಲ್ಲನೆ ಸಾಯುತ್ತವೆ. ಚೂರುಗಳು ಹೊರಬೀಳಲು ಬಹಳ ಗಂಟೆಗಳು ಹಿಡಿಯುತ್ತವೆ. ಮನೆಯು ಕುಸಿದುಬಿದ್ದರೆ ಧೂಳು ಆಗಲೇ ಏಳುತ್ತದೆ, ಗೆದ್ದಲು ತಿಂದರೆ ಏಳುವುದಿಲ್ಲವೆಂಬಂತೆ ಇದು. ಕ್ರಿಸ್ಟಿಯಾನ್ ಫೋರ್ಕ್ ಮೊದಲಾದವರು ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳಲ್ಲಿ ೨೦೫ ರೋಗಿಗಳ ರಕ್ತವನ್ನು ನಾಲ್ಕೂವರೆ ಗಂಟೆಗಳೊಳಗೆ ಪರೀಕ್ಷಿಸಿ ೨೦೧೨ರಲ್ಲಿ ಫಲವನ್ನು ಪ್ರಕಟಿಸಿದರು. ರಕ್ತಸ್ರಾವವಾದವರಲ್ಲಿ ನೂರಕ್ಕೆ ಸುಮಾರು ೮೪ ಮಂದಿಯನ್ನು ಈ ಪ್ರೋಟೀನು ಗುರುತಿಸಿತು. ರಕ್ತಸ್ರಾವವಿಲ್ಲದವರಲ್ಲಿ ನೂರಕ್ಕೆ ಸುಮಾರು ೯೬ ಮಂದಿಯನ್ನು ಇಲ್ಲವೆಂದೇ ಸರಿಯಾಗಿ ಹೇಳಿತು. ಇದು ಸಣ್ಣ ಮಾತಲ್ಲ. ಆದರೆ ಸ್ರಾವವು ಕಿರಿದಾಗಿದ್ದರೆ ಸೂಚಕವು ಏರದೆ ಇರಬಹುದು, ತಲೆಗೆ ಹೊರಗಿನ ಪೆಟ್ಟು ಬಿದ್ದಿದ್ದರೆ ಸ್ರಾವವಿಲ್ಲದೆಯೂ ಏರಬಹುದು, ಹೊತ್ತು ಮೀರಿದರೆ ಕಟ್ಟಿದ ನಾಳದವನಲ್ಲಿಯೂ ಏರುವುದು. ನೂರರಲ್ಲಿ ತಪ್ಪಿಹೋದ ಹದಿನಾರು ಮಂದಿಗೆ ಹೆಪ್ಪು ಕರಗಿಸುವ ಔಷಧವನ್ನು ಕೊಟ್ಟರೆ ಗತಿಯೇನು? ಆದುದರಿಂದ ಆ ಔಷಧವನ್ನು ಕೊಡುವ ಮುನ್ನ ವೈದ್ಯರು ಇಂದಿಗೂ ಮಿದುಳಿನ ಚಿತ್ರವನ್ನು ನೋಡಿಯೇ ನೋಡುತ್ತಾರೆ. ರಕ್ತದ ಪರೀಕ್ಷೆಗಳಲ್ಲಿ ಅವರು ತಪ್ಪದೆ ಕಾಯುವುದು ಸಕ್ಕರೆಯ ಪರೀಕ್ಷೆಯೊಂದಕ್ಕೆ ಮಾತ್ರ. ರಕ್ತದ ಸಕ್ಕರೆಯು ತೀರ ಇಳಿದರೂ ಪಾರ್ಶ್ವವಾಯುವಿನ ವೇಷವೇ ಕಾಣಿಸಿಕೊಳ್ಳುವುದುಂಟು.

ಕಟ್ಟಿತೆಂದು ನಿಶ್ಚಯವಾದಮೇಲೆ, ಕಟ್ಟಿದ ಹೆಪ್ಪು ಬಂದುದೆಲ್ಲಿಂದ ಎಂಬ ವಿರ್ಚೋವನ ಪ್ರಶ್ನೆಯು ಉಳಿಯುತ್ತದೆ. ದೊಡ್ಡ ಧಮನಿಯ ಗೋಡೆಯಲ್ಲಿ ಕೂಡಿದ ಕೊಬ್ಬಿನಿಂದಲೋ, ಕ್ರಮತಪ್ಪಿ ಕಂಪಿಸುವ ಹೃದಯದಿಂದಲೋ, ಮಿದುಳಿನ ಒಳಗಿನ ಕಿರುನಾಳದಲ್ಲಿಯೇ ಹುಟ್ಟಿದುದೋ, ಬೇರೆ ಯಾವುದಾದರೂ ತಿಳಿದ ಕಾರಣದಿಂದಲೋ, ಕಾರಣವೇ ತಿಳಿಯದೋ ಎಂದು ಐದು ವರ್ಗಗಳನ್ನು ೧೯೯೩ರಲ್ಲಿ ಅಮೆರಿಕದ ವೈದ್ಯರು ಗೊತ್ತುಮಾಡಿದರು. ಎಲ್ಲ ಪರೀಕ್ಷೆಗಳೂ ಮುಗಿದಮೇಲೆಯೂ ಸುಮಾರು ಕಾಲುಭಾಗ ರೋಗಿಗಳು ಕೊನೆಯ ವರ್ಗದಲ್ಲಿ ಉಳಿದುಬಿಡುತ್ತಾರೆ. ಕಾರಣವು ತಿಳಿಯದಿದ್ದರೆ ಎರಡನೆಯ ಪೆಟ್ಟನ್ನು ತಡೆಯುವ ಔಷಧವನ್ನು ಆರಿಸುವುದು ಕಷ್ಟ. ಹೃದಯದಿಂದ ಬಂದ ಹೆಪ್ಪಿಗೆ ಒಂದು ಬಗೆಯ ಔಷಧ, ಕೊಬ್ಬಿನ ನಾಳಕ್ಕೆ ಇನ್ನೊಂದು ಬಗೆ.

ಇಲ್ಲಿ ಸಾಕ್ಷಿಗೆ ಬಂದ ದ್ರವ್ಯವೊಂದರ ಹೆಸರೇ ಒಂದು ಕಥೆ. ಜಪಾನಿನ ಕಂಗಾವ, ಮತ್ಸುವೊ ಮೊದಲಾದವರು ೧೯೮೮ರಲ್ಲಿ ಹಂದಿಯ ಮಿದುಳಿನಿಂದ ಹೊಸ ದ್ರವ್ಯವೊಂದನ್ನು ತೆಗೆದು, ಮಿದುಳಿನದೆಂಬ ಅರ್ಥ ಬರುವಂತೆ ಬಿ.ಎನ್.ಪಿ. ಎಂದು ಹೆಸರಿಟ್ಟರು. ಅದರ ಮುಖ್ಯವಾದ ತವರು ಹೃದಯವೆಂಬುದು ಬೇಗನೆ ಗೊತ್ತಾಯಿತು. ಹೃದಯವು ಹಿಗ್ಗಿ ಬಳಲಿದಾಗ ಇದು ರಕ್ತದಲ್ಲಿ ಏರುತ್ತದೆ. ಮಿದುಳಿನ ಹೆಸರನ್ನು ಹೊತ್ತ ಹೃದಯದ ಈ ದೂತನು, ಮಿದುಳಿಗೆ ಪೆಟ್ಟು ಬಿದ್ದಾಗ ಹೃದಯದ ತಪ್ಪನ್ನು ಒಪ್ಪಿಸಲು ಬಂದಂತಾಯಿತು. ಇದರ ಜೊತೆಗೆ ಡಿ-ಡೈಮರ್ ಎಂಬ ಇನ್ನೊಂದು ಸಾಕ್ಷಿಯುಂಟು. ಅದು ಹೆಪ್ಪು ಕರಗುವಾಗ ಉದುರುವ ತುಣುಕು. ಬಾರ್ಸಿಲೋನಾದ ಜುವಾನ್ ಮೊಂಟನೆರ್ ಮೊದಲಾದವರು ೨೦೦೮ರಲ್ಲಿ, ಇವೆರಡೂ ಏರಿದ್ದರೆ ಹೆಪ್ಪು ಹೃದಯದಿಂದ ಬಂದಿರುವ ಸಂಭವವು ಹೆಚ್ಚೆಂದು ತೋರಿಸಿದರು. ಆದರೂ ಡಿ-ಡೈಮರ್ ಸೋಂಕಿನಲ್ಲಿಯೂ ಅರ್ಬುದರೋಗದಲ್ಲಿಯೂ ಗರ್ಭಿಣಿಯರಲ್ಲಿಯೂ ಏರುವುದು, ಬಿ.ಎನ್.ಪಿ. ಮುಪ್ಪಿನಲ್ಲಿಯೂ ಮೂತ್ರಪಿಂಡಗಳು ಕೆಟ್ಟಾಗಲೂ ಏರುವುದು. ಇಲ್ಲಿಯೂ ಹೊಗೆಯ ಜೊತೆಗೆ ಮಂಜು ಇದ್ದೇ ಇದೆ.

ಇದನ್ನು ನಿರ್ಣಯಿಸಲು ಉಪಶಯವೊಂದೇ ದಾರಿಯಾಗಿತ್ತು. ಕಾರಣ ತಿಳಿಯದ ರೋಗಿಗಳಲ್ಲಿ ಹೃತ್ಕರ್ಣವು ದುರ್ಬಲವಾಗಿರುವ ಚಿಹ್ನೆಯುಳ್ಳವರನ್ನು ಆರಿಸಿ, ಹೃದಯದ ಹೆಪ್ಪಿಗೆ ಕೊಡುವ ಅಪಿಕ್ಸಬಾನ್ ಔಷಧವನ್ನು ಅರ್ಧದಷ್ಟು ಜನರಿಗೂ, ಸಾಮಾನ್ಯವಾದ ಆಸ್ಪಿರಿನ್ನನ್ನು ಉಳಿದರ್ಧಕ್ಕೂ ಕೊಟ್ಟು ನೋಡುವ ಪರೀಕ್ಷಣವು ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯಿತು. ಬಿ.ಎನ್.ಪಿ.ಯೊಡನೆಯೇ ಹುಟ್ಟುವ ತುಣುಕೊಂದು ರಕ್ತದಲ್ಲಿ ಏರಿರುವುದೂ ಆ ಚಿಹ್ನೆಗಳಲ್ಲಿ ಒಂದು. ೧೦೧೫ ಜನರು ಸೇರಿದ್ದರು. ಸಾಕ್ಷಿಯು ನಿಜವನ್ನೇ ಹೇಳುತ್ತಿದ್ದರೆ ಮೊದಲನೆಯ ಗುಂಪಿನಲ್ಲಿ ಎರಡನೆಯ ಪೆಟ್ಟು ಕಡಮೆಯಾಗಬೇಕಾಗಿತ್ತು. ೨೦೨೪ರಲ್ಲಿ ಫಲವು ಪ್ರಕಟವಾಯಿತು. ಅಪಿಕ್ಸಬಾನ್ ಪಡೆದವರಲ್ಲಿ ೪೦ ಮಂದಿಗೆ ಮತ್ತೆ ಪಾರ್ಶ್ವವಾಯು, ಆಸ್ಪಿರಿನ್ ಪಡೆದವರಲ್ಲಿಯೂ ೪೦ ಮಂದಿಗೆ. ಔಷಧವು ರೋಗವನ್ನು ತಗ್ಗಿಸಲಿಲ್ಲವಾದುದರಿಂದ, ಅಂತಹ ಚಿಹ್ನೆಯಿದ್ದ ಮಾತ್ರಕ್ಕೆ ಹೃದಯವೇ ಅಪರಾಧಿಯೆಂದು ತೀರ್ಪು ಕೊಡುವುದು ಸಲ್ಲದೆಂದು ತಿಳಿಯಿತು.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಭೇದವು ಕಣ್ಣಿಗೆ ಬೀಳುತ್ತದೆ. ಹ್ಯೂಸ್ ಅವರು ಗುರುತಿಸಿದ ಪ್ರತಿಕಾಯಗಳು ರೋಗವನ್ನು ಹುಟ್ಟಿಸುವ ಕೆಲಸದಲ್ಲಿ ತಾವೇ ಪಾಲುಗೊಂಡಿರುವುವು. ಅವು ಕಳ್ಳನ ಕೈಯೇ ಸಿಕ್ಕಿದಂತೆ. ಜಿ.ಎಫ್.ಎ.ಪಿ., ಡಿ-ಡೈಮರ್ ಮುಂತಾದುವು ಆದ ಅನಾಹುತದ ಚೂರುಗಳು; ಅವು ಕಳ್ಳನ ಹೆಜ್ಜೆಯ ಗುರುತಿನಂತೆ. ಹೆಜ್ಜೆಯಿಂದ ಕಳ್ಳನನ್ನು ಹಿಡಿಯಬಹುದು. ಆದರೆ ಅದೇ ದಾರಿಯಲ್ಲಿ ಬೇರೆಯವರೂ ನಡೆದಿರಬಹುದು. ಕಾರ್ಯವನ್ನು ಕಂಡು ಕಾರಣವನ್ನು ಹೇಳುವಾಗ, ಆ ಕಾರ್ಯವು ಬೇರೆ ಕಾರಣದಿಂದಲೂ ಆಗುವುದೇ ಎಂದು ಕೇಳದವನು ಮೋಸಹೋಗುವನು. ವಾಸರ್‌ಮನ್ನನ ಪರೀಕ್ಷೆಯ ದೋಷವನ್ನು ಕೆದಕಿದವರು ಈ ಪ್ರಶ್ನೆಯನ್ನು ಬಿಡದೆ ಕೇಳಿದುದರಿಂದಲೇ ಹೊಸ ಕಾರಣವೊಂದು ಲೋಕಕ್ಕೆ ತಿಳಿಯಿತು.

ಇನ್ನೊಂದು ಮಾತು ಗೃಹಸ್ಥರ ಮನೆಗೆ ನೇರವಾಗಿ ಸಂಬಂಧಿಸಿದುದು. ರಕ್ತದ ಸೂಚಕಗಳಲ್ಲಿ ಅನೇಕವು ಹೊತ್ತಿನೊಡನೆ ಬದಲಾಗುತ್ತವೆ. ಒಂದನೆಯ ಗಂಟೆಯಲ್ಲಿ ಜಿ.ಎಫ್.ಎ.ಪಿ. ಏರಿದ್ದರೆ ಅದಕ್ಕೆ ಒಂದು ಅರ್ಥ, ಹನ್ನೆರಡನೆಯ ಗಂಟೆಯಲ್ಲಿ ಏರಿದ್ದರೆ ಬೇರೆ ಅರ್ಥ. ಹೆಪ್ಪು ಕರಗಿಸುವ ಔಷಧದ ಯೋಗ್ಯತೆಯೂ ಗಂಟೆಯನ್ನೇ ಅವಲಂಬಿಸಿದೆ. ರೋಗಿಯು ಎಷ್ಟು ಹೊತ್ತಿಗೆ ಕೊನೆಯದಾಗಿ ಸರಿಯಾಗಿದ್ದನು, ಎಷ್ಟು ಹೊತ್ತಿಗೆ ಬಾಯಿ ಓರೆಯಾಯಿತು ಎಂಬುದನ್ನು ಮಾತು ನಿಂತುಹೋದ ರೋಗಿಯು ಹೇಳಲಾರನು, ರಕ್ತವೂ ಹೇಳಲಾರದು. ಅದನ್ನು ಹೇಳಬಲ್ಲವರು ಕಾಫಿಯ ಲೋಟವು ಅವನ ಕೈಯಿಂದ ಜಾರಿದುದನ್ನು ಕಂಡ ಹೆಂಡತಿ, ಮಾತು ತೊದಲಿದುದನ್ನು ಕೇಳಿದ ಮಗ. ಗಡಿಯಾರವನ್ನು ನೋಡಿ ಆ ಹೊತ್ತನ್ನು ನೆನಪಿಟ್ಟು, ಎಣ್ಣೆ ತಿಕ್ಕುತ್ತ ಬೆಳಗಾಗಲೆಂದು ಕಾಯದೆ ರೋಗಿಯನ್ನು ಸ್ಕ್ಯಾನ್ ಯಂತ್ರವಿರುವ ಆಸ್ಪತ್ರೆಗೆ ಕರೆದೊಯ್ದವರು ವೈದ್ಯನ ಮುಂದೆ ಮೊದಲ ಸಾಕ್ಷಿಯನ್ನು ಇಟ್ಟಂತಾಯಿತು. ಉಳಿದ ಸಾಕ್ಷಿಗಳ ಮಾತಿಗೆಲ್ಲ ಬೆಲೆ ಬರುವುದು ಆಮೇಲೆಯೇ.